ಗುಳುಗುಳಿ ಸುಮ್ಮನಿದ್ದ ದಿನಗಳು

ನನ್ನ ಫ್ರೀಜರಿನಲ್ಲಿ ನೀರು ತುಂಬಿಸಿಟ್ಟ ಪ್ಲಾಸ್ಟಿಕ್ ಬಾಟಲಿಗಳು ಇನ್ನೂ ಹಾಗೇ ಇವೆ. ಕಲ್ಲಾಗಿವೆ. ಬಟಾಣಿ, ಕಾಯಿತುರಿ ಇಡಲು ಜಾಗ ಸಾಲದಾದಾಗಲೆಲ್ಲ ಅವನ್ನು ತೆಗೆದು ಸಿಂಕಿನಲ್ಲಿ ಹಾಕಿ ಕರಗಿಸಿಬಿಡಬೇಕು ಅಂದುಕೊಳ್ಳುತ್ತೇನೆ. ಒಂದನ್ನು ಎತ್ತಿಕೊಳ್ಳುತ್ತೇನೆ, ಕೈ ಮರಗಟ್ಟುತ್ತದೆ, ಮತ್ತೆ ಒಳಗಿಟ್ಟು ಬಾಗಿಲು ಹಾಕುತ್ತೇನೆ. ಅವು ನನ್ನ ಸೋದರಮಾವನ ಬಿಯರಿಗೆಂದು ಮಾಡಿಟ್ಟ ಮಂಜುಗಡ್ಡೆ.

ಮಾವ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಗ್ರೈಂಡಿಂಗ್ ಮಷೀನಿನ ಮುಂದೆ ನಿಂತು ಆಯಸ್ಸು ಕಳೆದವರು. ಮದುವೆಗೆ ಮುಂಚೆ, ಕಾರ್ಖಾನೆಗೆ ಹೊಸ ಮಷೀನು ಬರುವುದಿದ್ದಾಗ, ಅದನ್ನು ನಡೆಸಲು ಕಲಿತು ಬರಲೆಂದು ಅವರನ್ನು ಜರ್ಮನಿಯ ಒಂದು ಸಣ್ಣ ಊರಿಗೆ ಕಳಿಸಿದ್ದರು. ಅಲ್ಲಿ ಅವರು ಬಾಡಿಗೆಗಿದ್ದ ಮನೆಯ ಯಜಮಾನ ಒಬ್ಬ ಮುದುಕ. ಅವನಿಗೆ ಇಂಗ್ಲಿಷ್ ಬಾರದು, ಮಾವನಿಗೆ ಅವನ ಭಾಷೆ ಬಾರದು. ಒಂದು ಸಂಜೆ ಆ ಮುದುಕ ಇವರ ತೋಳು ಹಿಡಿದು ಮನೆಯ ಕೆಳಗಿನ ನೆಲಮಾಳಿಗೆಗೆ ಕರೆದುಕೊಂಡು ಹೋದನಂತೆ. ಅಲ್ಲಿ ಚಳಿ, ಕತ್ತಲು, ಮರದ ಪೀಪಾಯಿಗಳು. ಮುದುಕ ಒಂದು ಪೀಪಾಯಿಗೆ ಕಿವಿ ಇಟ್ಟು, ನೀನೂ ಇಡು ಎಂದು ಸನ್ನೆ ಮಾಡಿದ. ಒಳಗೆ ಯಾರೋ ಪಿಸುಗುಟ್ಟುತ್ತಿದ್ದ ಹಾಗಿತ್ತು ಎನ್ನುತ್ತಿದ್ದರು ಮಾವ. ಆಮೇಲೆ ಅವನು ಬೇರೊಂದು ಪೀಪಾಯಿಯಿಂದ ಒಂದು ಲೋಟ ಬಗ್ಗಿಸಿಕೊಟ್ಟ. ಆ ರುಚಿ ಬಾಯಿಗೆ ಬಿದ್ದಾಗ ಗೊತ್ತಾಗುವುದಲ್ಲ, ನುಂಗಿ ಸ್ವಲ್ಪ ಹೊತ್ತಾದ ಮೇಲೆ ಗೊತ್ತಾಗುವುದಂತೆ.

ಈ ಕಥೆಯನ್ನು ನಾನು ಲಂಗ ಹಾಕುತ್ತಿದ್ದ ಕಾಲದಿಂದ ಕೇಳಿದ್ದೇನೆ. ಮದುವೆ ಊಟ ಮುಗಿದು ಗಂಡಸರು ಮಹಡಿಗೆ ಹೋಗಿ ಬಂದ ಮೇಲೆ ಮಾವನ ಮುಖದಲ್ಲಿ ಯಾವಾಗಲೂ ಒಂದು ಸಣ್ಣ ನಿರಾಸೆ ಇರುತ್ತಿತ್ತು. ಇಲ್ಲಿಯ ಬಿಯರು ಕುಡಿದು ಅವರು ಹೇಳುತ್ತಿದ್ದುದು ಒಂದೇ ಮಾತು: ಇದಲ್ಲ. ಅತ್ತೆ ಅದನ್ನೇ ಹಿಡಿದು ಎಲ್ಲದಕ್ಕೂ ಅವರನ್ನು ಆಡಿಕೊಳ್ಳುತ್ತಿದ್ದರು. ತರಕಾರಿಯವನು ಎಳೆಯದಲ್ಲದ ಬೆಂಡೆಕಾಯಿ ಕೊಟ್ಟರೂ, "ಜರ್ಮನೀಲಿ ಹಿಂಗಿರ್ಲಿಲ್ಲ, ಅಲ್ವೇನ್ರೀ?"

ನಿವೃತ್ತಿಯಾದ ಮೇಲೆ ಮಾವ ವಿಡಿಯೋಗಳನ್ನು ನೋಡಿ ಬಿಯರು ಮಾಡುವುದನ್ನು ಕಲಿತರು. ಬಾರ್ಲಿಯ ಮಾಲ್ಟು, ಹಾಪ್ಸ್ ಎಂಬ ಕಹಿ ಹೂವು, ಯೀಸ್ಟು, ಮುಚ್ಚಳವಿರುವ ಬಿಳಿ ಡ್ರಮ್ಮುಗಳು, ಒಂದೊಂದಾಗಿ ಪಾರ್ಸೆಲ್ಲಿನಲ್ಲಿ ಬಂದವು. ಅಕ್ಕಪಕ್ಕದವರಿಗೆ ಹೇಳಿಕೊಳ್ಳುವ ವಿದ್ಯೆಯಲ್ಲವಾದ್ದರಿಂದ ಅತ್ತೆ ಅದನ್ನು ಕಷಾಯ ಎನ್ನುತ್ತಿದ್ದರು. ಮೊದಲ ಸಲ ಕೋಣೆಯ ಬಿಸಿಯಲ್ಲೇ ಇಟ್ಟು ಮಾಡಿದ್ದು ಮಾಗಿದ ಬಾಳೆಹಣ್ಣಿನ ವಾಸನೆ ಹೊಡೆಯಿತು. ಮಾವನಿಗೆ ಬೇಕಾಗಿದ್ದು ಲಾಗರ್. ಅದು ಚಳಿಯಲ್ಲಿ ನಿಧಾನವಾಗಿ ಹುದುಗಿ, ಚಳಿಯಲ್ಲೇ ವಾರಗಟ್ಟಲೆ ಮಲಗಿ ಆಗುವ ಬಿಯರು. ಅದಕ್ಕೊಂದು ಫ್ರಿಜ್ಜು ಬೇಕಿತ್ತು. ಅತ್ತೆ ತಮ್ಮ ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತುಕೊಂಡರು.

ಆಗ ಮಾವನಿಗೆ ಹೊಳೆದದ್ದು ಸಂಪು. ಮನೆಯ ಪಕ್ಕದ ಓಣಿಯಲ್ಲಿ, ಕಾಂಪೌಂಡಿಗೂ ಅಡುಗೆಮನೆ ಗೋಡೆಗೂ ನಡುವೆ, ನೆಲದೊಳಗೆ ಕಟ್ಟಿದ ಹಳೆಯ ನೀರಿನ ತೊಟ್ಟಿ ಅದು. ಬಿರುಕು ಬಿಟ್ಟು ನೀರು ನಿಲ್ಲದಾದ ಮೇಲೆ ಮನೆಯ ಮುಂದೆ ಹೊಸದು ಕಟ್ಟಿಸಿದ್ದರು. ಹಳೆಯದು ಕಬ್ಬಿಣದ ಮುಚ್ಚಳದ ಕೆಳಗೆ ಒಣಗಿಕೊಂಡು ತಣ್ಣಗೆ ಬಿದ್ದಿತ್ತು. ಆಳ ಒಂದಾಳಿಗಿಂತ ತುಸು ಹೆಚ್ಚು. ಮಾವ ಮುಚ್ಚಳ ಎತ್ತಿ, ಬಗ್ಗಿ, ಒಳಗಿನ ತಂಪಿಗೆ ಮುಖ ಒಡ್ಡಿದರು. "ಇದೇ ಕಣೇ ನನ್ನ ನೆಲಮಾಳಿಗೆ. ಇಷ್ಟ್ ವರ್ಷ ಇದರ ಪಕ್ಕದಲ್ಲೇ ಓಡಾಡ್ಕೊಂಡಿದ್ದೆ ನೋಡು," ಅಂದರು.

ಸಂಪಿನ ತಂಪೊಂದೇ ಸಾಲದು. ತಳದಲ್ಲಿ ದೊಡ್ಡ ಟಬ್ಬುಗಳಲ್ಲಿ ನೀರು ತುಂಬಿ, ಅದರಲ್ಲಿ ಎರಡು ಡ್ರಮ್ಮುಗಳನ್ನು ಕೂರಿಸಿ, ನೀರಿಗೆ ಮಂಜಿನ ಬಾಟಲಿ ಬಿಡುವುದು ಅವರ ಉಪಾಯ. ಬೆಳಿಗ್ಗೆ ಸಂಜೆ ಬಾಟಲಿ ಬದಲಾಯಿಸಬೇಕು. ಅತ್ತೆಯ ಫ್ರೀಜರು ಸಿಗದಿದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂತು. ನನ್ನ ಮನೆ ಬಸವೇಶ್ವರನಗರದಲ್ಲಿ. ಧನುರ್ಮಾಸದ ಬೆಳಗಿನಲ್ಲಿ, ಇನ್ನೂ ಮಂಜು ಹರಿಯದ ಹೊತ್ತಿನಲ್ಲಿ, ಸ್ಕೂಟರಿನ ಕಾಲ ಹತ್ತಿರ ಬ್ಯಾಗಿಟ್ಟುಕೊಂಡು ಹೊರಡುತ್ತಿದ್ದೆ. ದಾರಿಯುದ್ದಕ್ಕೂ ಬಾಟಲಿಗಳು ಮೊಣಕಾಲಿಗೆ ತಗುಲಿ ಕಾಲು ಜೋಮು ಹಿಡಿಯುತ್ತಿತ್ತು. ಹೋಗುವಷ್ಟರಲ್ಲಿ ಮಾವ ಗೇಟಿನ ಹತ್ತಿರ ಸ್ವೆಟರಿನಲ್ಲಿ ನಿಂತಿರುತ್ತಿದ್ದರು. ಅತ್ತೆ ಪೂಜೆ ಮುಗಿಸಿ ಹುಗ್ಗಿಯ ಜೊತೆಗೆ ಕಾಫಿ ಕೊಡುತ್ತಿದ್ದರು. ಆ ಬೆಳಗುಗಳು ಕೆಲವೇ. ಈಗ ನೆನೆದರೆ ಒಂದು ಇಡೀ ಚಳಿಗಾಲ ಹಾಗೇ ಕಳೆದಿದ್ದೆ ಅನ್ನಿಸುತ್ತದೆ.

ಮಾಲ್ಟು ಕುದಿಸಿದ ದಿನ ಹಿತ್ತಿಲಿನಲ್ಲಿ ಗ್ಯಾಸ್ ಒಲೆ ಹೂಡಿದ್ದರು. ಹಾಪ್ಸಿನ ವಾಸನೆ ಎದ್ದಾಗ ಅತ್ತೆ ದೇವರ ಕೋಣೆಯ ಬಾಗಿಲು ಮುಂದೆ ಮಾಡಿದರು. ಆರಿದ ಮೇಲೆ ಡ್ರಮ್ಮುಗಳಿಗೆ ಸುರಿದು, ಮೇಲೆ ಯೀಸ್ಟು ಉದುರಿಸಿ, ಮಾವನೇ ಏಣಿ ಇಳಿದು ಅವನ್ನು ಕೆಳಗೆ ಕೂರಿಸಿದರು. ಪ್ರತಿ ಡ್ರಮ್ಮಿನ ಮುಚ್ಚಳದ ಮೇಲೂ ನೀರು ತುಂಬಿದ ಒಂದು ಬಾಗಿದ ಪ್ಲಾಸ್ಟಿಕ್ ಕೊಳವೆ. ಒಳಗೆ ಹುದುಗಲು ಶುರುವಾದರೆ ಗಾಳಿ ಅದರ ಮೂಲಕ ಗುಳುಗುಳು ಅಂತ ಹೊರಗೆ ಬರುತ್ತದೆ. ನಾವು ಅದಕ್ಕೆ ಗುಳುಗುಳಿ ಎಂದು ಹೆಸರಿಟ್ಟೆವು. ಆ ಶಬ್ದಕ್ಕಾಗಿ ಮಾವ ಮೂವತ್ತೈದು ವರ್ಷಕ್ಕೂ ಹೆಚ್ಚು ಕಾದಿದ್ದರು.

ಗುಳುಗುಳಿ ಸುಮ್ಮನಿತ್ತು.

ಲಾಗರಿನ ಯೀಸ್ಟು ಚಳಿಯಲ್ಲಿ ಎಚ್ಚರವಾಗಲು ದಿನ ಹಿಡಿಯುತ್ತದೆ, ಅದು ಮಾವನಿಗೆ ಗೊತ್ತಿತ್ತು, ನನಗೂ ಹೇಳಿದ್ದರು. ಆದರೂ ಮಾರನೆಯ ಬೆಳಿಗ್ಗೆಯೇ ನೋಡಬೇಕೆನಿಸಿತು. ಅವರ ಮೊಣಕಾಲು ಕೆಟ್ಟಿದ್ದರಿಂದ ಪದೇ ಪದೇ ಏಣಿ ಇಳಿಯಲು ಅತ್ತೆ ಬಿಡುತ್ತಿರಲಿಲ್ಲ. ಬಾಟಲಿಗಳನ್ನು ಬಕೆಟ್ಟಿನಲ್ಲಿಟ್ಟು ಹಗ್ಗದಲ್ಲಿ ಇಳಿಸಿ, ಉದ್ದನೆಯ ಕೋಲಿನಿಂದ ಟಬ್ಬಿಗೆ ತಳ್ಳುತ್ತಿದ್ದೆವು. ಆಮೇಲೆ ಮಾವ ಅದೇ ಹಗ್ಗಕ್ಕೆ ಟಾರ್ಚು ಕಟ್ಟಿ ಇಳಿಬಿಡುತ್ತಿದ್ದರು. "ನಮ್ಮಪ್ಪನ ಲಾಟೀನು," ಎನ್ನುತ್ತಿದ್ದರು. ಕೆಂಗೇರಿ ಕಡೆಯ ಅವರ ಹಳ್ಳಿಯಲ್ಲಿ, ಬಾವಿಯ ಹೂಳೆತ್ತಲು ಇಳಿಯುವ ಮುಂಚೆ ಅಜ್ಜ ಉರಿಯುವ ಲಾಟೀನನ್ನು ಹಗ್ಗದಲ್ಲಿ ಬಿಡುತ್ತಿದ್ದರಂತೆ. ಅದು ಆರದೆ ತಳ ಮುಟ್ಟಿದರೆ ಒಳಗೆ ಉಸಿರಾಡುವ ಗಾಳಿ ಇದೆ ಎಂದು ಲೆಕ್ಕ, ಆಗ ಮಾತ್ರ ಆಳು ಇಳಿಯಬೇಕು. ಮಾವ ಟಾರ್ಚು ಇಳಿಸುತ್ತಾ ಅಜ್ಜನ ದನಿಯಲ್ಲಿ, "ಉರೀತಾ ಐತೇನ್ಲಾ?" ಎಂದು ಕೇಳುವರು. ನಾನು ಬಗ್ಗಿ ನೋಡಿ, "ಉರೀತಾ ಐತೆ ಗೌಡ್ರೇ," ಎನ್ನಬೇಕು. ನಮ್ಮ ಆಟ ಅದು. ಟಾರ್ಚಿನ ಬೆಳಕು ಪ್ರತಿ ಸಲವೂ ತಳ ಮುಟ್ಟಿತು. ಅದು ಆರುವ ದೀಪವಲ್ಲ ಎಂಬುದು ನಮ್ಮಿಬ್ಬರ ತಲೆಗೂ ಬರಲಿಲ್ಲ.

ಬೆಳಕಿನಲ್ಲಿ ಎರಡು ಗುಳುಗುಳಿಗಳೂ ಕಾಣುತ್ತಿದ್ದವು. ನೀರು ಅಲುಗುತ್ತಿರಲಿಲ್ಲ. ಅತ್ತೆಗೆ ಇದು ಹಬ್ಬವಾಯಿತು. ಚಳಿಗೆ ಉಬ್ಬದ ದೋಸೆಹಿಟ್ಟಿಗೆ ಅವರು ಮಾವನ ಹಳೆಯ ಸ್ವೆಟರು ಸುತ್ತಿಡುತ್ತಾರೆ. "ನನ್ ಹಿಟ್ಟು ಬೆಳಗಾಗೋಷ್ಟ್ರಲ್ಲಿ ಪಾತ್ರೆ ಬಿಟ್ ಆಚೆ ಬಂದಿತ್ತು. ನಿಮ್ ಜರ್ಮನಿಯವ್ರು ಇನ್ನೂ ಎದ್ದಿಲ್ವಾ?" ಎಂದು ಓಣಿಗೆ ಕೇಳುವ ಹಾಗೆ ಅಡುಗೆಮನೆ ಕಿಟಕಿಯಿಂದ ಕೂಗುತ್ತಿದ್ದರು. ಮಾವ ನಕ್ಕರೂ, ದಿನ ಕಳೆದಂತೆ ನಗು ಸಣ್ಣದಾಗುತ್ತಿತ್ತು. ಯೀಸ್ಟು ಸತ್ತಿರಬೇಕು, ಪಾರ್ಸೆಲ್ಲಿನವರು ಬಿಸಿಲಿನಲ್ಲಿ ಇಟ್ಟಿರಬೇಕು ಎಂದು ತಾವೇ ಹೇಳಿಕೊಳ್ಳುತ್ತಿದ್ದರು. ಒಂದು ಸಂಜೆ ಅವರು ಮುಚ್ಚಳದ ಪಕ್ಕ ಸ್ಟೂಲು ಹಾಕಿಕೊಂಡು ಸುಮ್ಮನೆ ಕೂತಿದ್ದನ್ನು ನೋಡಿ ನನಗೆ ಕಷ್ಟವಾಯಿತು. ಬೇರೆ ಯಾವುದಕ್ಕೂ ಆಸೆಪಡದ ಮನುಷ್ಯ.

ಕೊನೆಗೆ ಇಳಿದೇ ನೋಡುವುದು, ಇನ್ನೊಂದು ಪ್ಯಾಕೆಟ್ಟು ಯೀಸ್ಟು ಹಾಕುವುದು ಎಂದು ತೀರ್ಮಾನಿಸಿದರು. ಪ್ಯಾಕೆಟ್ಟು ಅಂಗಿಯ ಜೇಬಿನಲ್ಲಿತ್ತು. ಅತ್ತೆ ಕೈ ಒರೆಸಿಕೊಂಡು ಬಂದು ಹಗ್ಗ ಎತ್ತಿಕೊಂಡರು. ಮಾವನ ಕಂಕುಳ ಕೆಳಗೆ ಎರಡು ಸುತ್ತು ಸುತ್ತಿ ಗಂಟು ಹಾಕದೆ ಇಳಿಯಗೊಡುವುದಿಲ್ಲ ಎಂದರು. ಮಂಡಿ ಹಿಡಿದುಕೊಂಡರೆ ಮೇಲೆ ಹತ್ತಲು ಆಸರೆ ಬೇಕಲ್ಲ ಎಂಬುದಷ್ಟೇ ಅವರ ಯೋಚನೆ. ಮಾವ ಗೊಣಗಿದರು.

"ನಾನೇನ್ ಎತ್ತಾ, ಹಗ್ಗ ಹಾಕೋಕೆ?"

"ಎತ್ತಾಗಿದ್ರೆ ಮಾತು ಕೇಳ್ತಿತ್ತು. ಕಟ್ಕೊಳ್ದೆ ಇಳೀರಿ ನೋಡೋಣ, ಮುಚ್ಚಳ ಹಾಕಿ ಹೋಗಿ ಮಲಗ್ತೀನಿ."

ಇದಾದ ಮೇಲೆ ನಡೆದದ್ದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಬಟ್ಟೆ ಒಣಹಾಕುವಾಗ, ಸಿಗ್ನಲ್ಲಿನಲ್ಲಿ ನಿಂತಾಗ, ಯಾರೋ ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲು ಬಗ್ಗಿದಾಗ ಅದು ತಾನಾಗಿ ಶುರುವಾಗುತ್ತದೆ. ಮಾವ ಏಣಿ ಇಳಿದರು. ತಳದಲ್ಲಿ ನಿಂತು ಮೇಲೆ ನೋಡಿ, ಚಳಿ ಚೆನ್ನಾಗಿದೆ ಎಂದರು. ಅವರ ದನಿ ಸರಿಯಾಗಿತ್ತು. ಆಮೇಲೆ ಗುಳುಗುಳಿ ನೋಡಲು ಡ್ರಮ್ಮಿನ ಮೇಲೆ ಬಗ್ಗಿದರು. ಬಗ್ಗಿದವರು ತಲೆ ಎತ್ತಲಿಲ್ಲ. ನಿಧಾನವಾಗಿ, ಪಂಕ್ತಿಯಲ್ಲಿ ಊಟಕ್ಕೆ ಕೂರುವವರ ಹಾಗೆ, ಕೆಳಗೆ ಕೂತರು. ಬಿದ್ದಿದ್ದರೆ ನಾನು ಕಿರುಚುತ್ತಿದ್ದೆ. ಅವರು ಕೂತರು. ಇನ್ನೂ ಹತ್ತಿರದಿಂದ ನೋಡಲು ಕೂತಿದ್ದಾರೆ ಎಂದುಕೊಂಡೆ. ಅದರಲ್ಲಿ ಅಪಾಯದ್ದು ಎನ್ನುವ ಯಾವ ಗುರುತೂ ಇರಲಿಲ್ಲ. ಇವತ್ತು ಹುಡುಕಿದರೂ ಸಿಗುವುದಿಲ್ಲ.

ಹಗ್ಗ ಹಿಡಿದಿದ್ದ ಅತ್ತೆ ತಣ್ಣನೆಯ ದನಿಯಲ್ಲಿ ಹೇಳಿದರು: "ಹಗ್ಗ ಭಾರ ಆಯ್ತು ಕಣೇ."

ಕರೆದೆವು. ಮತ್ತೆ ಕರೆದೆವು. ನಾನು ಯಾವಾಗ ಏಣಿಯ ಮೇಲೆ ಕಾಲಿಟ್ಟೆನೋ ಗೊತ್ತಿಲ್ಲ. ಗೇಟಿನ ಹೊರಗೆ ಗಾಡಿ ಇಟ್ಟುಕೊಂಡು ಇಸ್ತ್ರಿ ಮಾಡುವವರು ನಮ್ಮ ದನಿ ಕೇಳಿ ಓಡಿಬಂದು, ನನ್ನನ್ನು ಪಕ್ಕಕ್ಕೆ ಸರಿಸಿ ತಾವೇ ಇಳಿಯಲು ಹೋದರು. ಆಗ "ಇಳೀಬೇಡಿ, ಎಳೀರಿ" ಎಂದು ಯಾರೋ ಅಂದರು. ನಾನು ಅಂದೆ ಎನ್ನುತ್ತಾರೆ ಅತ್ತೆ. ನನ್ನ ಕಿವಿಯಲ್ಲಿರುವುದು ಅವರ ದನಿ. ಅಜ್ಜನ ಲಾಟೀನು ಇಬ್ಬರಲ್ಲಿ ಯಾರಿಗೆ ನೆನಪಾಯಿತೋ. ಆ ಮಾತು ಇಲ್ಲದಿದ್ದರೆ ಅಲ್ಲಿ ಒಬ್ಬರ ಪಕ್ಕ ಒಬ್ಬರು ಹಾಗೇ ಊಟಕ್ಕೆ ಕೂರುತ್ತಿದ್ದೆವು.

ಮೂವರೂ ಎಳೆದೆವು. ಮಾವನ ತಲೆ ಎದೆಯ ಮೇಲೆ ವಾಲಿತ್ತು. ಸಂಪಿನ ಬಾಯಿಯ ಕಲ್ಲಿಗೆ ಅವರ ಪಕ್ಕೆ ಸಿಕ್ಕಿಕೊಂಡಿತು. ಏನೋ ಮುರಿದ ಶಬ್ದವಾಯಿತು, ಆದರೂ ಎಳೆದೆವು. ಇಸ್ತ್ರಿಯವರು ಅಂಗಿಯ ಕಾಲರಿಗೆ ಕೈ ಹಾಕಿ ಮೇಲೆತ್ತಿ ಓಣಿಯಲ್ಲಿ ಮಲಗಿಸಿದರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅತ್ತೆ ಅವರ ಹೆಸರು ಹಿಡಿದು ಕರೆದರು. ನಾನು ಹುಟ್ಟಿದಾಗಿನಿಂದ ಅತ್ತೆಯ ಬಾಯಲ್ಲಿ ಆ ಹೆಸರು ಕೇಳಿರಲಿಲ್ಲ. ಎಷ್ಟೋ ಹೊತ್ತು ಎನ್ನಿಸಿದ ಮೇಲೆ, ಗೊರಕೆಯಂಥ ಒಂದು ಉಸಿರು ಬಂತು. ಇನ್ನೊಂದು ಬಂತು. ಕಣ್ಣು ತೆರೆದು ನಮ್ಮನ್ನು ಗುರುತಿಸದೆ ಜೇಬು ತಡವಿಕೊಂಡು, "ಪ್ಯಾಕೆಟ್ಟೆಲ್ಲಿ?" ಅಂದರು. ಅತ್ತೆ ಅಳು ನಗು ಎರಡೂ ಅಲ್ಲದ ಒಂದು ಸದ್ದು ಮಾಡಿ ಗೋಡೆಗೆ ಒರಗಿದರು. ಹಗ್ಗವನ್ನು ಮಾತ್ರ ಬಿಡಲಿಲ್ಲ. ಆಸ್ಪತ್ರೆಯಲ್ಲಿ ನೋಡಿದರೆ ಅವರ ಎರಡೂ ಅಂಗೈ ಸುಲಿದಿದ್ದವು.

ಸಂಪು ಕ್ಲೀನ್ ಮಾಡಲು ಇಳಿದಿದ್ದರಾ ಎಂದು ಡಾಕ್ಟರು ಕೇಳಿದಾಗ ಅತ್ತೆ ಹೌದೆಂದು ತಲೆಯಾಡಿಸಿದರು. ನಾನು ಡಾಕ್ಟರನ್ನು ಪಕ್ಕಕ್ಕೆ ಕರೆದು ನಿಜ ಹೇಳಿದೆ. ಅವರು ಬೈಯಲಿಲ್ಲ. ಹುದುಗುವಾಗ ಹೊರಬರುವ ಗ್ಯಾಸು ಗಾಳಿಗಿಂತ ಭಾರ, ನೀರಿನ ಹಾಗೆ ತಳದಲ್ಲಿ ನಿಲ್ಲುತ್ತದೆ, ನಿಂತಾಗ ನಿಮ್ಮ ಮಾವನ ತಲೆ ಅದರ ಮೇಲಿತ್ತು, ಬಗ್ಗಿದಾಗ ಮುಳುಗಿತು ಎಂದರು. ನೀರು ನಿಲ್ಲದ ನಮ್ಮ ಸಂಪಿನಲ್ಲಿ ಅದು ನಿಂತಿತ್ತು. ಅಂದರೆ ಬಿಯರು ಹುದುಗಲು ಶುರುವಾಗಿ ದಿನಗಳೇ ಆಗಿದ್ದವು.

ಮಾವ ಇನ್ನೂ ಆಸ್ಪತ್ರೆಯಲ್ಲಿದ್ದಾಗ, ಒಂದು ಬೆಳಿಗ್ಗೆ ಅತ್ತೆ ಡಬ್ಬದೊಳಗೆ ಎಣ್ಣೆದೀಪ ಹಚ್ಚಿಟ್ಟು, ಆ ಹಗ್ಗದಲ್ಲೇ ಸಂಪಿಗೆ ಇಳಿಸಿದರು. ಅರ್ಧ ಆಳ ದಾಟಿದ ಮೇಲೆ ಜ್ವಾಲೆ ನಡುಗಲೂ ಇಲ್ಲ, ಯಾರೋ ಬೆರಳಲ್ಲಿ ಹಿಂಡಿದ ಹಾಗೆ ಆರಿತು.  ಮುಚ್ಚಳ ತೆರೆದಿಟ್ಟು, ಟೇಬಲ್ ಫ್ಯಾನನ್ನು ಕಟ್ಟಿ ಇಳಿಬಿಟ್ಟು ದಿನವಿಡೀ ಓಡಿಸಿದೆವು. ಪ್ರತಿ ಬೆಳಿಗ್ಗೆ ದೇವರ ದೀಪ ಹಚ್ಚಿದ ಮೇಲೆ ಅತ್ತೆ ಸಂಪಿನ ದೀಪ ಹಚ್ಚುವರು. ಅದು ಆರದೆ ತಳದಲ್ಲಿ ಉರಿದ ದಿನ ಡ್ರಮ್ಮುಗಳನ್ನು ಹಗ್ಗಕ್ಕೆ ಕೊಕ್ಕೆ ಕಟ್ಟಿ, ಯಾರೂ ಇಳಿಯದೆ, ಮೇಲಕ್ಕೆತ್ತಿಸಿದರು.

ಎರಡೂ ಮುಚ್ಚಳಗಳ ಅಂಚಿನಲ್ಲಿ ಒಣಗಿದ ನೊರೆಯ ಕಂದು ಗೆರೆ ಇತ್ತು. ಚಳಿಗೆ ರಬ್ಬರಿನ ರಿಂಗು ಬಿಗಿ ಬಿಟ್ಟಿತ್ತು. ಗಾಳಿ ಆ ಸಂದಿಯಿಂದ ಸದ್ದಿಲ್ಲದೆ ಹೋಗುತ್ತಿತ್ತು, ಗುಳುಗುಳಿಯ ದಾರಿ ಹಿಡಿದೇ ಇರಲಿಲ್ಲ. ನಾವು ಟಾರ್ಚು ಬಿಟ್ಟು, ಇನ್ನೂ ಎದ್ದಿಲ್ಲ ಎಂದು ನಗುತ್ತಿದ್ದಾಗಲೆಲ್ಲ ಅದು ಎದ್ದು ಸಂಪು ತುಂಬುತ್ತಿತ್ತು.

ಎಲ್ಲವನ್ನೂ ಮೋರಿಗೆ ಚೆಲ್ಲು ಎಂದು ಹೇಳಿ ಅತ್ತೆ ಒಳಗೆ ಹೋದರು. ನಾನು ಮುಚ್ಚಳ ತೆಗೆದೆ. ನನಗೆ ಬಿಯರಿನ ರುಚಿ ಗೊತ್ತಿಲ್ಲ, ಆಸೆಯೂ ಇಲ್ಲ. ಆದರೂ ಒಂದು ಸ್ಟೀಲಿನ ಲೋಟ ತಂದು ಅದ್ದಿದೆ. ಹೊನ್ನಿನ ಬಣ್ಣವಲ್ಲ, ಇನ್ನೂ ಮಬ್ಬು. ಮೊದಲು ಬಂದದ್ದು ಬೇಯಿಸಿದ ಮೊಟ್ಟೆಯ ಸಣ್ಣ ವಾಸನೆ. ಅದರ ಹಿಂದೆ ಆಗತಾನೇ ಬೇಕರಿಯ ತಟ್ಟೆಯಿಂದ ಇಳಿಸಿದ ಬನ್ನಿನ ವಾಸನೆ. ಒಂದು ಗುಟುಕು ನುಂಗಿದೆ. ಸ್ವಲ್ಪ ಹೊತ್ತಾದ ಮೇಲೆ ನಾಲಿಗೆಯ ಹಿಂಬದಿಯಲ್ಲಿ ತೆಳುವಾದ ಕಹಿಯೊಂದು ಬಂದು, ನಿಂತು, ಹೋಯಿತು. ಉಳಿದದ್ದನ್ನೆಲ್ಲ ಚೆಲ್ಲಿದೆ. ಓಣಿ ಎರಡು ದಿನ ಬನ್ನಿನ ವಾಸನೆ ಬೀರಿತು.

ಮಾವ ಮನೆಗೆ ಬಂದರು. ಮುರಿದ ಪಕ್ಕೆಲುಬು ಕೂಡಿಕೊಂಡಿತು. ಆದರೆ ಮೊದಲಿನ ಮಾವ ಪೂರ್ತಿ ಬರಲಿಲ್ಲ. ಮಾತಿನ ನಡುವೆ ನಿಲ್ಲುತ್ತಿದ್ದರು. ಜರ್ಮನಿಯ ಹೆಸರು ಎತ್ತುತ್ತಿರಲಿಲ್ಲ. ಅತ್ತೆಯೂ ಬೆಂಡೆಕಾಯಿ ನೋಡಿ ಏನೂ ಅನ್ನುತ್ತಿರಲಿಲ್ಲ. ನಾನು ಬೆಳಿಗ್ಗೆ ಹೋದರೆ ಕಾಫಿ ಬರುತ್ತಿತ್ತು, ಅದರ ಜೊತೆಗಿರುತ್ತಿದ್ದ ಗದ್ದಲ ಬರುತ್ತಿರಲಿಲ್ಲ. ಗೌಡ್ರೇ ಎಂದು ಕರೆದು ನೋಡಬೇಕೆಂದು ಎಷ್ಟೋ ಸಲ ಬಾಯಿಯವರೆಗೆ ಬಂದಿತ್ತು. ಅತ್ತೆ ಸಂಪು ಮುಚ್ಚಿಸಬೇಕೆಂದು ಹಟ ಹಿಡಿದಿದ್ದರು. ಮಾವ ಬೇಡ ಅನ್ನಲಿಲ್ಲ, ಆಗಲಿ ಅಂತಲೂ ಅನ್ನಲಿಲ್ಲ. ಖಾಲಿ ಡ್ರಮ್ಮುಗಳನ್ನು ತೊಳೆದು ಮಹಡಿಯ ಮೇಲೆ ಬೋರಲು ಹಾಕಿದ್ದರು. ಅವರು ಒಬ್ಬರೇ ಓಣಿಗೆ ಹೋದರೆ ಅತ್ತೆ ಕುಕ್ಕರಿನ ಸೀಟಿಯನ್ನೂ ಬಿಟ್ಟು ಕಿಟಕಿಗೆ ಬರುತ್ತಿದ್ದರು. ಇನ್ನೊಂದು ಸಲ ಇಳಿಯುತ್ತಾರೆ ಎಂಬ ಭಯ ನಮ್ಮಿಬ್ಬರಿಗೂ ಇತ್ತು, ಅದನ್ನು ಬಾಯಿ ಬಿಟ್ಟು ಹೇಳಿಕೊಂಡಿರಲಿಲ್ಲ.

ಒಂದು ದಿನ ಸ್ಟೂಲಿನ ಮೇಲೆ ಕೂತಿದ್ದ ಮಾವ ನನ್ನನ್ನು ಕರೆದರು. ಅತ್ತೆ ಅವರಿಗೆ, ಅದು ಕೆಟ್ಟುಹೋಗಿತ್ತು, ಶುರುವೇ ಆಗಿರಲಿಲ್ಲ ಎಂದು ಹೇಳಿದ್ದರಂತೆ.

"ಸ್ಟಾರ್ಟ್ ಆಗಿಲ್ದೆ ನಾನ್ಯಾಕೆ ಬೀಳ್ತಿದ್ದೆ, ನೀನೇ ಹೇಳು," ಅಂದರು. "ಚೆಲ್ಲಿದ್ದು ನೀನಂತೆ. ಬಾಯಿಗಿಟ್ಟಿದ್ಯಾ?"

ಇಲ್ಲ ಎನ್ನುವುದು ಸುಲಭವಿತ್ತು. ಚೆನ್ನಾಗಿತ್ತು ಎಂದರೆ ಮತ್ತೆ ಏಣಿ ಹುಡುಕುತ್ತಾರೆ, ಕೆಟ್ಟಿತ್ತು ಎಂದರೂ ಸರಿಪಡಿಸಲು ಹುಡುಕುತ್ತಾರೆ. ಏನು ಹೇಳಿದರೂ ಅವರು ಆ ಹಗ್ಗದ ತುದಿಯಲ್ಲಿ ತೂಗುತ್ತಿದ್ದಾರೆ ಅನ್ನಿಸಿತು. ಕೊನೆಗೆ ಇದ್ದದ್ದನ್ನೇ ಹೇಳಿದೆ. ಮೊಟ್ಟೆಯ ವಾಸನೆ, ಬನ್ನಿನ ವಾಸನೆ, ಮಬ್ಬು ಬಣ್ಣ, ನುಂಗಿದ ಮೇಲೆ ಬಂದ ಕಹಿ.

"ನುಂಗಿದ್ ಮೇಲೆ?"

"ಹೂಂ ಮಾವ. ಸ್ವಲ್ಪ ಹೊತ್ತಾದ್ಮೇಲೆ. ಇನ್ನೂ ಆಗಿರ್ಲಿಲ್ಲ. ಆದ್ರೆ ಆಗ್ತಾ ಇತ್ತು."

ಅವರು ಮುಚ್ಚಳದ ಕಡೆಗೆ ತಿರುಗಿದರು. ಬಾಯಿ ಸಣ್ಣಗೆ ಅಲುಗಿತು, ಏನನ್ನೋ ನುಂಗಿ ಕಾಯುವವರ ಹಾಗೆ. ಆಮೇಲೆ ಕಿಟಕಿಯ ಕಡೆಗೆ ತಿರುಗಿ, ಅಲ್ಲಿ ಅತ್ತೆ ಇದ್ದೇ ಇರುತ್ತಾರೆ ಎಂದು ಗೊತ್ತಿದ್ದವರಂತೆ, ಮಣ್ಣಿನ ಟ್ರ್ಯಾಕ್ಟರಿನವನಿಗೆ ಫೋನ್ ಮಾಡು ಎಂದರು.

ಮಣ್ಣು ಬಂದ ದಿನ ನಾನೂ ಹೋಗಿದ್ದೆ. ಮುಚ್ಚಳ ಎತ್ತಿ ಗೋಡೆಗೆ ಒರಗಿಸಿದ್ದರು. ಆಳುಗಳು ಮೊದಲ ಬಾಂಡಲಿ ಎತ್ತುವಾಗ ಮಾವ ಸ್ವಲ್ಪ ತಡೀರಿ ಎಂದು ಕೈ ತೋರಿಸಿ, ಕೆಟ್ಟ ಮಂಡಿಯನ್ನು ಕಷ್ಟಪಟ್ಟು ಮಡಚಿ, ಸಂಪಿನ ಬಾಯಿಯ ಪಕ್ಕ ಕೂತರು. ಕೂತು, ಬಗ್ಗಿ, ಒಳಗಿನ ಕತ್ತಲಿಗೆ ಕಿವಿ ಕೊಟ್ಟರು.  ಅತ್ತೆ ಹಿಂದಿನಿಂದ ಬಂದು, ಅವರ ಅಂಗಿಯ ಬೆನ್ನನ್ನು ಎರಡೂ ಕೈಗಳಿಂದ ಹಿಡಿದುಕೊಂಡು, ಅವರು ಕೇಳಿ ಮುಗಿಸುವವರೆಗೆ ಹಾಗೇ ನಿಂತರು.